ಆತ ತೋಟಗಾರನಿರಬೇಕು ಎಂದುಕೊಂಡಳು

(ಸಂಜೆ ಪ್ರಾರ್ಥನೆಯ ನಂತರ ಸಣ್ಣದೊಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಬೈಬಲಿನ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಮಾಡಿದ ತಪ್ಪು. ಇನ್ನೂ ಕತ್ತಲು ಹರಿದಿಲ್ಲ, ಆಕೆ ಯೇಸುವಿನ ಸಮಾಧಿಗೆ ಬಂದಿದ್ದಾಳೆ. ಬಾಗಿಲ ಕಲ್ಲು ಉರುಳಿದೆ. ಓಡಿಹೋಗಿ ಪೇತ್ರನಿಗೆ ಹೇಳಿದಳು. ಅವನೂ ಇನ್ನೊಬ್ಬ ಶಿಷ್ಯನೂ ಓಡಿಬಂದರು, ಒಳಗೆ ಇಣುಕಿದರು, ಮಡಿಸಿಟ್ಟ ಬಟ್ಟೆ ನೋಡಿದರು, ತಮ್ಮ ಮನೆಗೆ ಹೊರಟುಹೋದರು. ಮರಿಯಳು ಮಾತ್ರ ಅಲ್ಲೇ ಅಳುತ್ತಾ ನಿಂತಳು. ಹಿಂತಿರುಗಿದಾಗ ಯಾರೋ ನಿಂತಿದ್ದಾರೆ. ಸತ್ತು ಎದ್ದುಬಂದ ಯೇಸುವೇ ಅದು, ಆಕೆಗೆ ಗುರುತು ಸಿಗಲಿಲ್ಲ. 'ಯಾಕಮ್ಮಾ ಅಳುತ್ತೀ, ಯಾರನ್ನು ಹುಡುಕುತ್ತೀ?' ಎಂದು ಕೇಳುತ್ತಾರೆ. ಆಕೆ ಅವರನ್ನು ತೋಟದ ಕೆಲಸದವರು ಎಂದುಕೊಂಡು, 'ಅಯ್ಯಾ, ನೀವೇನಾದರೂ ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟಿದ್ದೀರಿ ಹೇಳಿ, ನಾನು ತೆಗೆದುಕೊಂಡು ಹೋಗುತ್ತೇನೆ' ಎನ್ನುತ್ತಾಳೆ. ಒಬ್ಬಳೇ ಹೆಂಗಸು, ಸತ್ತ ಗಂಡಸಿನ ಮೈಯನ್ನು ಹೊತ್ತುಕೊಂಡು ಹೋಗುತ್ತೇನೆ ಎಂದು ಹೇಳುತ್ತಿದ್ದಾಳೆ! ದುಃಖಕ್ಕೆ ಭಾರದ ಲೆಕ್ಕ ಗೊತ್ತಿಲ್ಲ.

ತೋಟಗಾರ ಎನ್ನುವ ಈ ಗ್ರೀಕ್ ಮಾತು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಇದೊಂದೇ ಕಡೆ. ಮಿಕ್ಕ ಮೂರು ಸುವಾರ್ತೆಗಳು ಸಮಾಧಿಯ ಹತ್ತಿರ ತೋಟ ಇತ್ತೆಂದೂ ಹೇಳುವುದಿಲ್ಲ. ಯೋಹಾನ ಹೇಳುತ್ತಾನೆ, ಅದೂ ಬೇಕೆಂದೇ. ಶಿಲುಬೆಗೇರಿಸಿದ ಜಾಗದಲ್ಲಿ ಒಂದು ತೋಟವಿತ್ತು, ಆ ತೋಟದಲ್ಲಿ ಹೊಸ ಸಮಾಧಿಯಿತ್ತು ಎಂದು 19ನೆಯ ಅಧ್ಯಾಯದಲ್ಲೇ ನೆಲ ಹದ ಮಾಡಿಟ್ಟಿರುತ್ತಾನೆ.

ಈ ತಪ್ಪಿನಲ್ಲಿ ಏನೋ ಸರಿಯಿದೆ ಎಂದು ಹಿಂದಿನವರಿಗೂ ಅನ್ನಿಸಿತ್ತು. ಆರನೆಯ ಶತಮಾನದ ಕೊನೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿ ತಮ್ಮೊಂದು ಪ್ರಸಂಗದಲ್ಲಿ, ಆಕೆ ತಪ್ಪಿಯೂ ತಪ್ಪಲಿಲ್ಲ, ಆಕೆಯ ಎದೆಯಲ್ಲಿ ಬೀಜ ಬಿತ್ತಿದವನು ಆತನೇ ಅಲ್ಲವೇ ಎಂಬರ್ಥದಲ್ಲಿ ಹೇಳಿದ್ದಾರೆ. ಚಿತ್ರಕಾರರಂತೂ ಇದನ್ನು ಬಿಡಲೇ ಇಲ್ಲ. ರೆಂಬ್ರಾಂಟ್ 1638ರಲ್ಲಿ ಬರೆದ ಚಿತ್ರವನ್ನು ಸಾಧ್ಯವಾದರೆ ಹುಡುಕಿ ನೋಡಿ. ಪುನರುತ್ಥಾನದ ಚಿತ್ರ ಎಂದರೆ ಬೆಳಕಿನ ಪ್ರಭೆ, ಬಿಳಿ ನಿಲುವಂಗಿ, ಕೈಯಲ್ಲಿ ಧ್ವಜ ಎಂದು ನಮ್ಮ ಕಣ್ಣು ಕಾಯುತ್ತಿರುತ್ತದೆ. ಇಲ್ಲಿ ಯೇಸುವಿನ ತಲೆಯ ಮೇಲೆ ಬಿಸಿಲಿಗೆ ಹಾಕಿಕೊಳ್ಳುವ ಅಗಲ ಅಂಚಿನ ಟೋಪಿ. ಕೈಯಲ್ಲಿ ಸನಿಕೆ. ಮರಣವನ್ನು ಗೆದ್ದು ಬಂದವನು ಯಾವುದೋ ಪಾತಿ ಅಗೆಯುವುದು ಬಾಕಿಯಿದೆ ಎನ್ನುವ ಹಾಗೆ ನಿಂತಿದ್ದಾನೆ. ಹಿಂದೆ ದೂರದಲ್ಲಿ ಬೆಳಗಾಗುತ್ತಿದೆ. ಮರಿಯಳು ಇನ್ನೂ ಪೂರ್ತಿ ತಿರುಗಿಲ್ಲ, ಗುರುತು ಸಿಗುವುದಕ್ಕೆ ಒಂದು ಕ್ಷಣ ಮೊದಲು.

ನನಗೆ ಆ ಸನಿಕೆಯ ಮೇಲೇ ಕಣ್ಣು.

ಯಾಕೆಂದರೆ ತೋಟ ಮತ್ತು ಆತ್ಮದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಸನಿಕೆಯನ್ನು ಮರೆತು ಬೆಂಚನ್ನು ನೆನೆಯುತ್ತೇವೆ. ನೆರಳು, ಹಕ್ಕಿಯ ದನಿ, ಕಲ್ಲುಬೆಂಚು, ಕೈಯಲ್ಲಿ ಬೈಬಲು. ಬೇಡ ಎನ್ನುವುದಿಲ್ಲ, ನಾನೂ ಅಂಥ ಬೆಂಚಿನ ಮೇಲೆ ಕುಳಿತು ಹಗುರಾದವನೇ. ಆದರೆ ಒಮ್ಮೆ ಧ್ಯಾನಕ್ಕೆಂದೇ ಮಾಡಿಸಿದ ಒಂದು ತೋಟಕ್ಕೆ ಹೋಗಿದ್ದೆ. ಹುಲ್ಲಿನ ಮೇಲೆ ಕಾಲಿಡಬೇಡಿ, ಹೂ ಮುಟ್ಟಬೇಡಿ, ಐದು ಗಂಟೆಗೆ ಬಾಗಿಲು ಮುಚ್ಚಲಾಗುವುದು ಎಂದು ಮೂರು ಬೋರ್ಡುಗಳಿದ್ದವು. ನಾಲ್ಕನೆಯದರಲ್ಲಿ ಒಂದು ವಚನ. ಅಲ್ಲಿ ಕುಳಿತಿದ್ದ ನಮ್ಮೆಲ್ಲರ ಮನಸ್ಸು ಶಾಂತವಾಗಿತ್ತು, ಕೈ ಮಾತ್ರ ಖಾಲಿ. ಬೈಬಲಿನಲ್ಲಿ ಕೈ ಖಾಲಿಯಿರುವ ತೋಟ ನನಗೆ ಸಿಕ್ಕಿಲ್ಲ.

ಮೊದಲನೆಯ ತೋಟವನ್ನೇ ತೆಗೆದುಕೊಳ್ಳಿ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ತೋಟವನ್ನು ನೆಡುವವನು ದೇವರೇ. ಮನುಷ್ಯನನ್ನು ಅಲ್ಲಿ ಇರಿಸಿದ್ದು ತೋಟವನ್ನು ಗೇಯುವುದಕ್ಕೆ, ಕಾಯುವುದಕ್ಕೆ. ಪಾಪ ಮಾಡಿ ಶಿಕ್ಷೆಗೊಳಗಾಗುವ ಮೊದಲೇ ಕೆಲಸವಿತ್ತು ಎನ್ನುವುದನ್ನು ಗಮನಿಸಿ. ಶಾಪದಿಂದ ಬಂದದ್ದು ಮುಳ್ಳು ಮತ್ತು ಬೆವರು, ಗೇಯ್ಮೆಯಲ್ಲ. ಇಬ್ರಿಯ, ಅಂದರೆ ಹೀಬ್ರೂ ಮೂಲದ ಆ ಎರಡು ಕ್ರಿಯಾಪದಗಳು ಜೋಡಿಯಾಗಿ ಮತ್ತೆ ಬರುವ ಒಂದು ಜಾಗ ಅರಣ್ಯಕಾಂಡದ ಮೂರನೆಯ ಅಧ್ಯಾಯ. ಅಲ್ಲಿ ಲೇವಿಯರು, ಅಂದರೆ ಆರಾಧನೆಯ ಕೆಲಸಕ್ಕೆ ಮೀಸಲಾದ ಕುಲದವರು, ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಸೇವೆಗೂ ಕಾವಲಿಗೂ ಅದೇ ಮಾತುಗಳು. ಗೇಯುವುದಕ್ಕೂ ಸೇವಿಸುವುದಕ್ಕೂ ಒಂದೇ ಪದ. ಆದಾಮ ಕಳೆ ಕೀಳುತ್ತಿದ್ದನೋ ಆರಾಧನೆ ಮಾಡುತ್ತಿದ್ದನೋ ಎಂದು ಆ ಭಾಷೆಯಲ್ಲಿ ಕೇಳಿದರೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಏದೆನ್ ಎಂಬ ಹೆಸರಿಗೆ ಇಬ್ರಿಯದಲ್ಲಿ ಆನಂದ ಎಂಬ ಅರ್ಥದ ನಂಟಿದೆ. ಪರದೈಸು ಎನ್ನುವ ಮಾತಿನ ದಾರಿ ಇನ್ನೂ ಚೆಂದ. ಹಳೆಯ ಇರಾನಿನ ಭಾಷೆಯಲ್ಲಿ ಅದು ಸುತ್ತ ಗೋಡೆ ಕಟ್ಟಿದ ಜಾಗ. ಅಲ್ಲಿಂದ ಗ್ರೀಕಿಗೆ ಹೋಗಿ ರಾಜರ ಉದ್ಯಾನವಾಯಿತು. ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಏದೆನ್ ತೋಟಕ್ಕೆ ಅದನ್ನೇ ಬಳಸಿದರು. ಕೊನೆಗೆ ಶಿಲುಬೆಯ ಮೇಲೆ ಪಕ್ಕದ ಕಳ್ಳನಿಗೆ ಯೇಸು ಕೊಟ್ಟ ಮಾತಿನಲ್ಲಿ ಅದು ಬಂತು. ಗೋಡೆಗಾಗಿ ಹುಟ್ಟಿದ ಪದ ಕಳ್ಳನನ್ನು ಒಳಗೆ ಕರೆಯುವುದಕ್ಕೆ ಬಳಕೆಯಾಯಿತು.

ಏದೆನ್ ತೋಟದಲ್ಲಿ ನಾನು ಮತ್ತೆ ಮತ್ತೆ ನಿಲ್ಲುವ ಜಾಗ ಮೂರನೆಯ ಅಧ್ಯಾಯದ ಸಂಜೆ. ಗಾಳಿ ತಂಪಾಗಿದೆ, ದೇವರು ತೋಟದಲ್ಲಿ ತಿರುಗಾಡುವ ಸದ್ದು ಕೇಳುತ್ತದೆ. ಅವರಿಬ್ಬರೂ ಮರಗಳ ನಡುವೆ ಅಡಗಿದ್ದಾರೆ. ಆಗ ಬರುವ ಮಾತು, 'ಎಲ್ಲಿದ್ದೀ?' ಬೈಬಲಿನಲ್ಲಿ ದೇವರು ಮನುಷ್ಯನಿಗೆ ಕೇಳುವ ಮೊದಲ ಪ್ರಶ್ನೆ ಇದು, ಕೇಳುವುದು ತೋಟದಲ್ಲಿ. ಇದನ್ನು ನೆನಪಿಟ್ಟುಕೊಂಡು ಯೋಹಾನನಿಗೆ ಮರಳಿ ಬನ್ನಿ. ಹಳ್ಳ ದಾಟಿ ಇದ್ದ ತೋಟಕ್ಕೆ ಪಂಜು ಹಿಡಿದು ಬಂದವರಿಗೆ ಯೇಸು ಕೇಳುತ್ತಾನೆ, 'ಯಾರನ್ನು ಹುಡುಕುತ್ತಿದ್ದೀರಿ?' ಎರಡು ಸಲ. ಮೂರು ದಿನದ ಮೇಲೆ ಇನ್ನೊಂದು ತೋಟದಲ್ಲಿ ಮರಿಯಳಿಗೂ ಅದೇ ಪ್ರಶ್ನೆ. ಹಿಡಿಯಲು ಬಂದವರಿಗೂ ಅಳಲು ಬಂದವಳಿಗೂ ಒಂದೇ ಪ್ರಶ್ನೆ.

ನಾನು ಇವತ್ತು ಹೇಳಬೇಕೆಂದುಕೊಂಡದ್ದು ಇಷ್ಟೇ. ಕ್ರೈಸ್ತ ನೆನಪಿನಲ್ಲಿ ತೋಟ ಮನುಷ್ಯನನ್ನು ಹೊಸಬನನ್ನಾಗಿ ಮಾಡುವುದು ಅಲ್ಲಿ ಸದ್ದಿಲ್ಲ ಎಂದಲ್ಲ. ಅಲ್ಲಿ ಅವನು ಯಜಮಾನನಲ್ಲ, ಮತ್ತು ಅಲ್ಲಿ ಅವನನ್ನು ಯಾರೋ ಏನೋ ಕೇಳುತ್ತಾರೆ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಯಜಮಾನರ ತೋಟಗಳೂ ಬೈಬಲಿನಲ್ಲಿವೆ. ಪ್ರಸಂಗಿ ಗ್ರಂಥದ ರಾಜ ತೋಟಗಳನ್ನೂ ಉದ್ಯಾನಗಳನ್ನೂ ಮಾಡಿಸಿದ, ಬಗೆಬಗೆಯ ಹಣ್ಣಿನ ಗಿಡ ನೆಡಿಸಿದ, ನೀರಿಗೆ ಕೆರೆ ತೋಡಿಸಿದ. ಕೊನೆಗೆ ನೋಡಿದರೆ ಎಲ್ಲವೂ ಗಾಳಿಯನ್ನು ಹಿಂದಟ್ಟಿದ ಹಾಗೆ. ಇಸ್ರಾಯೇಲಿನ ರಾಜ ಅಹಾಬನ ಕಥೆ ಇನ್ನೂ ಕೆಟ್ಟದು. ನಾಬೋತನ ದ್ರಾಕ್ಷಿತೋಟ ಅರಮನೆಯ ಪಕ್ಕದಲ್ಲಿತ್ತು. ಕಾಯಿಪಲ್ಯದ ತೋಟ ಮಾಡಿಕೊಳ್ಳಲು ಅದು ಬೇಕೆಂದು ಅಹಾಬ ಕೇಳಿದ. ಪಿತ್ರಾರ್ಜಿತ, ಕೊಡುವುದಿಲ್ಲ ಎಂದ ನಾಬೋತ. ರಾಜ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ, ರಾಣಿ ಸುಳ್ಳು ಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಸೊಪ್ಪು ತರಕಾರಿಗಾಗಿ ಒಂದು ಜೀವ. ಹಸಿರು ಕಂಡಲ್ಲೆಲ್ಲ ಪುಣ್ಯ ಎಂದುಕೊಳ್ಳುವವರು ಅರಸರ ಗ್ರಂಥದ ಈ ಅಧ್ಯಾಯವನ್ನು ಒಮ್ಮೆ ಓದಬೇಕು. ಇಲ್ಲಿಯೂ ಪ್ರಶ್ನೆ ಬರುತ್ತದೆ. ತೋಟವನ್ನು ವಶಪಡಿಸಿಕೊಳ್ಳಲು ಹೋದ ಅಹಾಬನ ಎದುರು ಪ್ರವಾದಿ ಎಲೀಯ ನಿಂತು, ಕೊಂದು ಆಸ್ತಿ ಸಂಪಾದಿಸಿದೆಯಾ ಎಂದು ಕೇಳುತ್ತಾನೆ.

ಇನ್ನು ಗೆತ್ಸೇಮನೆ, ಯೇಸು ಸೆರೆಯಾದ ಜಾಗ. ಆ ಹೆಸರಿನ ಅರ್ಥ ಎಣ್ಣೆಯ ಗಾಣ. ಮತ್ತಾಯ, ಮಾರ್ಕರು ಅದನ್ನು ಬರೀ ಒಂದು ಜಾಗ ಎನ್ನುತ್ತಾರೆ, ಯೋಹಾನ ಹೆಸರು ಹೇಳದೆ ತೋಟ ಎನ್ನುತ್ತಾನೆ. ಎರಡನ್ನೂ ಸೇರಿಸಿ ಗೆತ್ಸೇಮನೆ ತೋಟ ಎಂದು ಕರೆದವರು ನಾವು. ಯೇಸು ಅಲ್ಲಿಗೆ ಶಿಷ್ಯರ ಜೊತೆ ಆಗಾಗ ಹೋಗುತ್ತಿದ್ದ, ಆತನನ್ನು ಹಿಡಿದುಕೊಟ್ಟ ಯೂದನಿಗೆ ಜಾಗ ಗೊತ್ತಿದ್ದದ್ದೇ ಅದಕ್ಕೆ. ಅಂದರೆ ಅದು ಆತನ ರೂಢಿಯ ಪ್ರಾರ್ಥನೆಯ ಜಾಗ. ಆ ರಾತ್ರಿ ಅದೇ ಜಾಗದಲ್ಲಿ ಶಾಂತಿ ಸಿಗಲಿಲ್ಲ. ಲೂಕನ ಪ್ರಕಾರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು. ಜೊತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡ ಮೂವರು ಗೆಳೆಯರು ನಿದ್ದೆ ಹೋದರು. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದಾಟಿಹೋಗಲಿ ಎಂಬ ಬೇಡಿಕೆಗೆ ಉತ್ತರ ಬರಲಿಲ್ಲ. ನನ್ನ ಚಿತ್ತವಲ್ಲ, ನಿನ್ನ ಚಿತ್ತ ಎನ್ನುವ ಮಾತು ಬಂದದ್ದು ಆ ಮೌನದಲ್ಲಿ.

ನೆಮ್ಮದಿ ಸಿಗಲಿಲ್ಲ, ಹಾಗಾಗಿ ನನ್ನ ಪ್ರಾರ್ಥನೆ ವ್ಯರ್ಥ ಎಂದು ಹೇಳಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಅವರಿಗೆ ಬೇರೇನೂ ಹೇಳಲು ತೋಚದೆ ಈ ತೋಟವನ್ನು ತೋರಿಸುತ್ತೇನೆ. ಏದೆನ್ ತೋಟದಲ್ಲಿ ಮನುಷ್ಯ ಪ್ರಶ್ನೆಗೆ ಹೆದರಿ ಅಡಗಿದ. ಇಲ್ಲಿ ಮನುಷ್ಯನಾಗಿ ಬಂದವನು ಅಡಗದೆ ಎದುರು ಹೋಗಿ, 'ನಾನೇ' ಎಂದ.

ಯೆರೂಸಲೇಮಿನ ಎಣ್ಣೆಮರಗಳ ಗುಡ್ಡದ ಬುಡದಲ್ಲಿ, 1924ರಲ್ಲಿ ಕಟ್ಟಿ ಮುಗಿಸಿದ ಸರ್ವ ಜನಾಂಗಗಳ ದೇವಾಲಯದ ಪಕ್ಕ, ಇವತ್ತಿಗೂ ಎಂಟು ಮುದಿ ಆಲಿವ್ ಮರಗಳಿವೆ. ಬುಡ ಎಂದರೆ ನಮ್ಮ ಕಣ್ಣಿಗೆ ಬರುವ ಮರದ ಬುಡವಲ್ಲ. ತಿರುಚಿ, ಸೀಳಿ, ಒಳಗೆ ಪೊಟರೆಯಾಗಿ, ಮೇಣ ಕರಗಿ ಗಟ್ಟಿಯಾದಂತೆ ಗಂಟುಗಂಟಾದ ಕಾಂಡ. ಅದರ ಮೇಲೆ ಬೂದು ಬೆಳ್ಳಿಯ ಎಳೆ ಎಲೆ. ಇಟಲಿಯ ವಿಜ್ಞಾನಿಗಳು ಇವುಗಳನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಹೊರಹಾಕಿದರು. ಕಾಲ ಗೊತ್ತು ಮಾಡಲು ಸಾಧ್ಯವಾದದ್ದು ಮೂರು ಮರಗಳದ್ದು ಮಾತ್ರ. ಸಿಕ್ಕ ವರ್ಷಗಳು 1092, 1166, 1198. ಉಳಿದವುಗಳ ಒಳಗು ಟೊಳ್ಳು. ಯೇಸುವಿನ ಕಾಲದ ಮರಗಳೇ ಇವು ಎಂದು ನಂಬಿ ಹೋದವರಿಗೆ ಬೇಸರವಾಗಬಹುದು. ಆದರೆ ಅದೇ ಪರೀಕ್ಷೆ ಇನ್ನೊಂದು ಸಂಗತಿಯನ್ನೂ ಕಂಡಿತು. ಎಂಟಕ್ಕೆ ಎಂಟೂ ಒಂದೇ ತಾಯಿಮರದ ಕುಡಿಗಳು. ಯಾರೋ ಒಂದು ಮರವನ್ನು ಆರಿಸಿ, ಅದರ ರೆಂಬೆ ಕಡಿದು, ಇಲ್ಲೇ ಬೆಳೆಯಲಿ ಎಂದು ನೆಟ್ಟಿದ್ದರು. ಆಲಿವ್ ಮರಕ್ಕೆ ಇನ್ನೊಂದು ಗುಣವೂ ಇದೆ. ಕಾಂಡ ಕಡಿದರೂ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಕಾಂಡದ ವಯಸ್ಸು ಹೇಳಬಹುದು, ಬೇರಿನದು ಬೇರೆ ಲೆಕ್ಕ.

ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಕ್ರೈಸ್ತ ಚಿಂತಕ ಸಂತ ಅಗಸ್ಟೀನರ ಕಥೆ ನಿಮಗೆಲ್ಲ ಗೊತ್ತಿರುವಂಥದ್ದೇ, ಆದರೂ ಗಿಡಗಳ ಕಡೆಯಿಂದ ಒಮ್ಮೆ ನೋಡೋಣ. ಹದಿನಾರರ ಹುಡುಗನಾಗಿದ್ದಾಗ ಗೆಳೆಯರ ಜೊತೆ ರಾತ್ರಿ ಹೋಗಿ ಪಕ್ಕದ ಮರದ ಪೇರು ಹಣ್ಣುಗಳನ್ನು ಕದ್ದರು. ಹಸಿವಿಗಲ್ಲ, ಹಂದಿಗಳಿಗೆ ಎಸೆದರು. ಕದಿಯುವ ಖುಷಿಗಾಗಿಯೇ ಕದ್ದೆವು ಎಂದು ಮುಂದೆ ಅವರೇ ಬರೆದುಕೊಂಡರು. ಅದಾದ ಹದಿನೈದು ವರ್ಷಕ್ಕೆ, 386ರಲ್ಲಿ, ಮಿಲಾನಿನ ಒಂದು ಮನೆಯ ತೋಟ. ಜೊತೆಗಿದ್ದ ಗೆಳೆಯ ಅಲಿಪಿಯಸನನ್ನು ಬಿಟ್ಟು ದೂರ ಹೋಗಿ ಒಂದು ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾರೆ. ನಾಳೆ, ನಾಳೆ ಎನ್ನುವುದು ಇನ್ನೆಷ್ಟು ದಿನ ಎಂದು ಅವರದೇ ಕೊರಗು. ಆಗ ಪಕ್ಕದ ಮನೆಯಿಂದ ಒಂದು ಮಗುವಿನ ದನಿ, ಹುಡುಗನೋ ಹುಡುಗಿಯೋ ತಿಳಿಯದು, ಎತ್ತಿಕೋ ಓದು, ಎತ್ತಿಕೋ ಓದು ಎಂದು ರಾಗವಾಗಿ ಹೇಳುತ್ತಿದೆ. ಇಂಥ ಮಾತಿರುವ ಮಕ್ಕಳ ಆಟ ಯಾವುದಾದರೂ ಇದೆಯೇ ಎಂದು ಮೊದಲು ಯೋಚಿಸಿದರಂತೆ. ಎಷ್ಟಾದರೂ ಭಾಷಣಕಲೆ ಕಲಿಸುತ್ತಿದ್ದ ಮೇಷ್ಟ್ರು! ಎದ್ದು ಹೋಗಿ ಪುಸ್ತಕ ತೆರೆದಾಗ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಮುಂದಿನ ವರ್ಷದ ಈಸ್ಟರಿಗೆ ಅವರ ದೀಕ್ಷಾಸ್ನಾನವಾಯಿತು.

ಅಂಜೂರದ ಎಲೆ ಹೊಲಿದು ಮೈ ಮುಚ್ಚಿಕೊಂಡವರು ಆದಾಮ ಹವ್ವರು. ಅದೇ ಮರದ ಬುಡದಲ್ಲಿ ಈತ ಮುಚ್ಚಿಕೊಂಡದ್ದೆಲ್ಲ ಬಿಚ್ಚಿಹೋಯಿತು. ಇದು ನಾನು ಜೋಡಿಸಿದ್ದೆಂದು ತಿಳಿಯಬೇಡಿ, ಬರೆದ ಅಗಸ್ಟೀನರಿಗೇ ಇದರ ಅರಿವಿರದೆ ಇರಲಿಲ್ಲ ಎಂದು ನನ್ನ ಗುಮಾನಿ.

ಮಠಗಳ ತೋಟಗಳ ವಿಷಯಕ್ಕೆ ಬರೋಣ. ಈಜಿಪ್ಟಿನ ಮರುಭೂಮಿಯಲ್ಲಿದ್ದ ಸಂತ ಅಂತೋಣಿಯವರ ಜೀವನವನ್ನು ನಾಲ್ಕನೆಯ ಶತಮಾನದಲ್ಲೇ ಅಥನಾಸಿಯಸ್ ಬರೆದರು. ತನಗೆ ರೊಟ್ಟಿ ಹೊತ್ತು ತರುವವರಿಗೆ ತೊಂದರೆಯೆಂದು ಅಂತೋಣಿ ಬೆಟ್ಟದ ಬುಡದಲ್ಲಿ ಸ್ವಲ್ಪ ನೆಲ ಅಗೆದು ಕಾಳು ಬಿತ್ತಿದರು. ಆಮೇಲೆ ದಣಿದು ಬರುವವರಿಗಿರಲಿ ಎಂದು ತರಕಾರಿಯನ್ನೂ ಹಾಕಿದರು. ನೀರಿಗೆ ಬರುವ ಕಾಡುಪ್ರಾಣಿಗಳು ಬೆಳೆ ತಿಂದವು. ಒಂದನ್ನು ಮೆಲ್ಲಗೆ ಹಿಡಿದು, ನಾನು ನಿಮಗೇನೂ ಮಾಡಿಲ್ಲವಲ್ಲ, ನೀವೇಕೆ ನನಗೆ ಹೀಗೆ ಮಾಡುತ್ತೀರಿ, ದೇವರ ಹೆಸರಿನಲ್ಲಿ ಹೋಗಿ ಎಂದರಂತೆ. ಹೋದವಂತೆ. ಬೇಲಿಗೆ ತಂತಿ ಎಳೆಸಿ ಸುಸ್ತಾದವರು ಇದನ್ನು ಹೇಗೆ ಕೇಳಿಸಿಕೊಳ್ಳುತ್ತೀರೋ ಗೊತ್ತಿಲ್ಲ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಗಳಲ್ಲಿ ನೀರು, ಬೀಸುವ ಗಿರಣಿ, ತೋಟ ಇವೆಲ್ಲ ಪೌಳಿಯ ಒಳಗೇ ಇರಲಿ ಎಂದರು. ಕಾರಣ ಸೌಂದರ್ಯವಲ್ಲ, ಸನ್ಯಾಸಿಗಳು ಹೊರಗೆ ಅಲೆಯಬಾರದು ಎನ್ನುವುದು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಮಠದ ಹತಾರ ಪಾತ್ರೆಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ನೋಡಿಕೊಳ್ಳಬೇಕು. ಅಂದರೆ ಸನಿಕೆಯನ್ನು ಮಣ್ಣು ತೊಳೆಯದೆ ಮೂಲೆಗೆಸೆಯುವುದು ತಪ್ಪು. ಇದನ್ನು ಓದಿದ ಮೇಲೆ ನಾನು ಕುಡುಗೋಲು ಒರೆಸಿಡುತ್ತೇನೆ, ಸೋಮಾರಿತನ ಬಂದ ದಿನ ಬಿಟ್ಟು.

ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಪುಸ್ತಕಾಲಯದಲ್ಲಿ ಒಂಬತ್ತನೆಯ ಶತಮಾನದ ಮೊದಲ ಭಾಗದ ಒಂದು ನಕ್ಷೆ ಇದೆ, ಚರ್ಮದ ಹಾಳೆಯ ಮೇಲೆ ಬರೆದದ್ದು. ಮಾದರಿ ಮಠ ಹೇಗಿರಬೇಕೆಂದು ಅದರಲ್ಲಿ ಪ್ರತಿ ಕೋಣೆಯನ್ನೂ ಗುರುತಿಸಿದ್ದಾರೆ. ತರಕಾರಿಗೆ 18 ಪಾತಿ, ರೋಗಿಗಳ ಮನೆಯ ಪಕ್ಕ ಔಷಧಿ ಗಿಡಗಳಿಗೆ 16 ಪಾತಿ, ಯಾವ ಪಾತಿಗೆ ಯಾವ ಗಿಡ ಎಂದು ಹೆಸರು ಸಮೇತ. ಸತ್ತ ಸನ್ಯಾಸಿಗಳನ್ನು ಹೂಳುವ ಜಾಗ ಎಲ್ಲಿ ಎಂದು ಹುಡುಕಿದರೆ ಅದು ಹಣ್ಣಿನ ತೋಟದಲ್ಲೇ ಇದೆ. ಸೇಬು, ಪೇರು ಮರಗಳ ನಡುವೆ ಸಮಾಧಿಗಳು, ಮಧ್ಯದಲ್ಲಿ ಶಿಲುಬೆ. ತೋಟದಲ್ಲಿ ಸಮಾಧಿಯಿತ್ತು ಎಂಬ ಯೋಹಾನನ ವಾಕ್ಯವನ್ನು ಅವರು ನಕ್ಷೆಗೆ ಇಳಿಸಿಬಿಟ್ಟಿದ್ದರು.

ಆ ಕಾಲದವರೇ ಆದ ವಾಲಫ್ರಿಡ್ ಸ್ಟ್ರಾಬೊ ನನಗೆ ತೀರ ಇಷ್ಟ. ರೈಖೆನೌ ದ್ವೀಪದ ಮಠಾಧಿಪತಿ, 849ರಲ್ಲಿ ತೀರಿಕೊಂಡರು. ತಮ್ಮ ತೋಟದ 23 ಗಿಡಗಳ ಬಗ್ಗೆ ಲ್ಯಾಟಿನಿನಲ್ಲಿ ಒಂದು ಪದ್ಯ ಬರೆದಿದ್ದಾರೆ. ಕೊನೆಗೆ ಗುಲಾಬಿ, ಲಿಲಿ ಬಂದು ಹುತಾತ್ಮರ ರಕ್ತ, ವಿಶ್ವಾಸದ ಬಿಳುಪು ಎಂದೆಲ್ಲ ಅರ್ಥ ಹುಟ್ಟುತ್ತದೆ. ಆದರೆ ಶುರುವಾಗುವುದು ಚಳಿಗಾಲ ಮುಗಿದು ನೋಡಿದರೆ ಅಂಗಳದ ತುಂಬ ತುರಿಕೆ ಗಿಡ ಎನ್ನುವಲ್ಲಿಂದ. ನೆಲದಡಿ ಅದರ ಬೇರುಗಳು ಬುಟ್ಟಿ ಹೆಣೆದ ಹಾಗೆ ಹೆಣೆದುಕೊಂಡಿವೆಯಂತೆ. ಕೈ ಕಪ್ಪಾಗಲು, ಗೊಬ್ಬರ ಹೊರಲು ನಾಚುವವನಿಗೆ ತೋಟ ಒಲಿಯುವುದಿಲ್ಲ ಎನ್ನುತ್ತಾರೆ. ಮಠಾಧಿಪತಿಯೊಬ್ಬರು ಬೇರನ್ನು ಇಷ್ಟು ಹತ್ತಿರದಿಂದ ನೋಡಿದ್ದರೆ, ಮೊಣಕಾಲೂರಿ ಕೂತೇ ನೋಡಿರಬೇಕು.

ನನ್ನ ತುರಿಕೆ ಗಿಡದ ಹೆಸರು ಜೇಕು. ಪ್ರಾರ್ಥನಾಲಯದ ಹಿಂದೆ ಮೂರು ಪಾತಿಗಳಷ್ಟು ಜಾಗವನ್ನು ನಾನು ನೋಡಿಕೊಳ್ಳುತ್ತೇನೆ. ಜೇಕು ಗೊತ್ತಲ್ಲ, ಮೇಲೆ ನೋಡಿದರೆ ಬರೀ ನಾಲ್ಕು ಎಸಳು ಹುಲ್ಲು. ಹಿಡಿದು ಎಳೆದರೆ ಕಷ್ಟವೇ ಇಲ್ಲ, ಸಲೀಸಾಗಿ ಬರುತ್ತದೆ. ಮೋಸ ಇರುವುದೇ ಅಲ್ಲಿ. ದಾರದಂಥ ಬೇರು ಟಕ್ಕೆಂದು ತುಂಡಾಗಿ ಗಡ್ಡೆ ಮಣ್ಣಿನಲ್ಲೇ ಉಳಿದಿರುತ್ತದೆ. ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು, ಸೀಳಿದರೆ ಬೆಳ್ಳಗೆ, ಒಂಥರಾ ಕರ್ಪೂರದಂಥ ವಾಸನೆ. ಒಂದರಿಂದ ಇನ್ನೊಂದಕ್ಕೆ ಎಳೆ, ಅದರಿಂದ ಮತ್ತೊಂದಕ್ಕೆ. ಬೆರಳಿನಿಂದ ಆ ಎಳೆಯನ್ನು ಹಿಡಿದು ಮಣ್ಣು ಬಿಡಿಸುತ್ತಾ ಹೋದರೆ ನಾಲ್ಕನೆಯ ಗಡ್ಡೆ ನೀವು ಜೋಪಾನವಾಗಿ ನೆಟ್ಟ ಸಸಿಯ ಬುಡದಲ್ಲೇ ಕೂತಿರುತ್ತದೆ. ಮೊದಲ ವರ್ಷ ನಾನು ಸಿಟ್ಟಿನಿಂದ ಎಳೆದೆಸೆದೆ. ವಾರದಲ್ಲಿ ಪಾತಿ ಮತ್ತೆ ಹಸಿರು. ಕೋಪವನ್ನು ಅರಿಕೆ ಮಾಡಿಕೊಂಡು ಬಂದ ಮರುದಿನವೇ ಅದೇ ಮನುಷ್ಯನ ಮೇಲೆ ಅದೇ ಕೋಪ ಬರುತ್ತದಲ್ಲ, ಆ ಸಂಗತಿ ನನಗೆ ಯಾವ ಪ್ರಸಂಗದಿಂದಲೂ ಇಷ್ಟು ಸರಿಯಾಗಿ ಅರ್ಥವಾಗಿರಲಿಲ್ಲ. ನಾನು ಎಲೆ ಒಪ್ಪಿಸಿ ಬರುತ್ತಿದ್ದೆ, ಗಡ್ಡೆಯನ್ನಲ್ಲ.

ಈಗ ಅವಿಲಾದ ಸಂತ ತೆರೇಸಾ. 1515ರಲ್ಲಿ ಸ್ಪೇನಿನಲ್ಲಿ ಹುಟ್ಟಿದವರು. ಗುರುಗಳ ಒತ್ತಾಯಕ್ಕೆ ತಮ್ಮ ಜೀವನವನ್ನು ಬರೆಯುತ್ತಾ ಪ್ರಾರ್ಥನೆಯ ಬಗ್ಗೆ ಹೇಳಬೇಕಾದ ಕಡೆ ತೋಟವನ್ನು ತಂದರು. ಇದನ್ನು ಎಲ್ಲೋ ಓದಿದ್ದೋ ಕೇಳಿದ್ದೋ, ನೆನಪಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತಾರೆ. ನೆಲ ಬರಡು, ಕಳೆಯೇ ತುಂಬಿದೆ. ಕಳೆ ಕಿತ್ತು ಗಿಡ ನೆಡುವವನು ಪ್ರಭುವೇ. ನಮ್ಮ ಪಾಲಿನ ಕೆಲಸ ಅವು ಒಣಗದಂತೆ ನೀರು ಹಾಕುವುದು. ಯಜಮಾನ ಆಗಾಗ ಬಂದು ಹೂವುಗಳ ನಡುವೆ ಖುಷಿಪಡಬೇಕು, ತೋಟ ಇರುವುದೇ ಅದಕ್ಕೆ.

ನೀರು ಹಾಕುವುದಕ್ಕೆ ನಾಲ್ಕು ದಾರಿ ಎನ್ನುತ್ತಾರೆ. ಬಾವಿಯಿಂದ ಸೇದಿ ಹೊರುವುದು ಮೊದಲನೆಯದು. ತೋಳು ಸೋಲುತ್ತದೆ, ಸಿಗುವ ನೀರು ಸ್ವಲ್ಪ. ಪ್ರಾರ್ಥನೆಯನ್ನು ಹೊಸದಾಗಿ ಶುರು ಮಾಡಿದವರ ಪಾಡು ಇದು. ಚದುರಿದ ಮನಸ್ಸನ್ನು ಹಿಡಿದು ತಂದು ಕೂರಿಸುವುದರಲ್ಲೇ ಸಮಯ ಮುಗಿಯುತ್ತದೆ. ಎರಡನೆಯದು ನೀರೆತ್ತುವ ಚಕ್ರ. ತಿರುಗಿಸುವ ಕೆಲಸ ಇದ್ದರೂ ದಣಿವು ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯೋ ತೊರೆಯೋ ಹರಿದು ಬರುವುದು. ತಿರುಗಿಸಿಬಿಟ್ಟರೆ ಸಾಕು, ನೆಲ ತಾನೇ ನೆನೆಯುತ್ತದೆ. ನಾಲ್ಕನೆಯದು ಮಳೆ. ಅದರಲ್ಲಿ ನಮ್ಮ ಪಾಲು ಏನೂ ಇಲ್ಲ.

ಇದನ್ನು ವಿವರಿಸುವವರು ಸಾಮಾನ್ಯವಾಗಿ ನಾಲ್ಕು ಮೆಟ್ಟಿಲು ಎಂದು ಏಣಿ ಮಾಡಿಬಿಡುತ್ತಾರೆ, ಕೇಳಿದವರು ನಾನು ಎಷ್ಟನೆಯ ಮೆಟ್ಟಿಲಲ್ಲಿದ್ದೇನೆ ಎಂದು ಅಳೆಯಲು ಕೂರುತ್ತಾರೆ. ನನಗೆ ಹಿಡಿಸಿದ್ದು ಅವರು ಮೊದಲ ದಾರಿಯಲ್ಲಿ ಬಾವಿ ಬತ್ತಿದಾಗ ಏನಾಗುತ್ತದೆ ಎಂದು ಬರೆದಿರುವ ಭಾಗ. ಕೊಡ ಇಳಿಸುತ್ತೀರಿ, ಖಾಲಿ ಬರುತ್ತದೆ. ಮತ್ತೆ ಇಳಿಸುತ್ತೀರಿ, ಖಾಲಿ. ಕೆಲವು ದಿನ ತೋಳೆತ್ತುವುದಕ್ಕೂ ಮನಸ್ಸು ಬರುವುದಿಲ್ಲ. ಆಗ ತೋಟಗಾರ ಏನು ಮಾಡಬೇಕು? ತನ್ನ ಕೈಲಾದದ್ದನ್ನು ಮಾಡುತ್ತಾ ಇರಲಿ, ನೀರಿಲ್ಲದೆಯೂ ಹೂವನ್ನು ಉಳಿಸಲು ದೇವರಿಗೆ ಗೊತ್ತು ಎನ್ನುತ್ತಾರೆ. ಮತ್ತೆ ಅದೇ ಮಾತು, ತೋಟ ನಮ್ಮದಲ್ಲ. ನಮ್ಮದಲ್ಲ ಎಂದು ಗೊತ್ತಿದ್ದವನಿಗೇ ಖಾಲಿ ಕೊಡವನ್ನು ಮೂರನೆಯ ಸಲ ಇಳಿಸಲು ಆಗುವುದು. ಸ್ವಂತದ್ದೆಂದುಕೊಂಡವನು ಎರಡನೆಯ ಸಲಕ್ಕೇ ಹಗ್ಗ ಬಿಸಾಡುತ್ತಾನೆ, ಇಲ್ಲವೇ ಅಹಾಬನ ಹಾಗೆ ಗೋಡೆಗೆ ಮುಖ ಮಾಡುತ್ತಾನೆ.

ಅಸ್ಸಿಸಿಯ ಫ್ರಾನ್ಸಿಸರ ಬಗ್ಗೆ ಒಂದೇ ಮಾತು. ತೋಟ ನೋಡಿಕೊಳ್ಳುವ ಸಹೋದರನಿಗೆ ಅವರು ಎಲ್ಲ ನೆಲಕ್ಕೂ ತರಕಾರಿ ಹಾಕಬೇಡ, ಒಂದಷ್ಟನ್ನು ಹಾಗೇ ಬಿಡು, ಅಲ್ಲಿ ಹುಲ್ಲು ಹೂವು ತಾವಾಗಿ ಬರಲಿ ಎಂದಿದ್ದರಂತೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಕುರಿತು ಹೊರಡಿಸಿದ ಪತ್ರದಲ್ಲೂ ಇದನ್ನು ನೆನೆದಿದ್ದಾರೆ. ಜೇಕಿನ ಜೊತೆ ಗುದ್ದಾಡುವ ನನಗೆ ಇದು ಕಷ್ಟದ ಉಪದೇಶ. ಆ ಬಿಟ್ಟ ಜಾಗದಿಂದ ಗಡ್ಡೆ ಪಾತಿಗೆ ಬರುವುದಿಲ್ಲವೇ ಎಂದು ಸಂತರನ್ನು ಕೇಳಬೇಕಿತ್ತು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಬ್ಬ ಸಂತರ ಕಥೆ ಹೇಳಿ ಮುಗಿಸುತ್ತೇನೆ. ಕಪ್ಪು ಸಮುದ್ರದ ದಡದ ಸಿನೋಪೆ ಎಂಬ ಊರಿನ ಹೊರಗೆ ಫೋಕಸ್ ಎಂಬ ತೋಟಗಾರ ಇದ್ದನೆಂದು ಪರಂಪರೆ ಹೇಳುತ್ತದೆ. ಬೆಳೆದದ್ದನ್ನು ಬಡವರಿಗೆ, ದಾರಿಹೋಕರಿಗೆ ಕೊಡುತ್ತಿದ್ದ. ಒಂದು ದಿನ ಬಂದ ದಾರಿಹೋಕರು ಸೈನಿಕರು. ಫೋಕಸನೆಂಬ ಕ್ರೈಸ್ತನನ್ನು ಹುಡುಕಿ ಕೊಲ್ಲಲು ಬಂದಿದ್ದೇವೆ ಎಂದು ಅವನಿಗೇ ಹೇಳಿದರು. ಈ ರಾತ್ರಿ ಇಲ್ಲಿ ಉಳಿಯಿರಿ, ಬೆಳಿಗ್ಗೆ ತೋರಿಸುತ್ತೇನೆ ಎಂದು ಊಟ ಹಾಕಿ ಮಲಗಿಸಿದ. ರಾತ್ರಿಯೆಲ್ಲ ತೋಟದಲ್ಲಿ ತನ್ನ ಗುಂಡಿ ತಾನೇ ತೋಡಿದ. ಬೆಳಗಾದ ಮೇಲೆ, ನೀವು ಹುಡುಕುತ್ತಿರುವವನು ನಾನೇ ಎಂದ. ಅವರು ಅನ್ನ ತಿಂದ ಮನೆಗೆ ಕೈಯೆತ್ತಲು ಹಿಂಜರಿದರಂತೆ, ತನ್ನನ್ನು ಕೊಲ್ಲಲು ಇವನೇ ಅವರನ್ನು ಒಪ್ಪಿಸಿದನಂತೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಭಕ್ತರ ಕಲ್ಪನೆ ಎಂದು ಜಗಳಕ್ಕೆ ನಾನಿಲ್ಲ. ಯಾರನ್ನು ಹುಡುಕುತ್ತೀರಿ, ನಾನೇ ಎನ್ನುವ ಗೆತ್ಸೇಮನೆಯ ಮಾತು ಇನ್ನೊಬ್ಬ ತೋಟಗಾರನ ಬಾಯಲ್ಲಿ ಬಂತು ಎನ್ನುವುದಷ್ಟೇ ನನಗೆ ಬೇಕಾದದ್ದು. ಅವನ ಕೈಯಲ್ಲೂ ಸನಿಕೆ ಇತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ ಎದ್ದರು. 'ನನಗೆ ಮಂಡಿ ಮಡಚಲು ಆಗುವುದಿಲ್ಲಪ್ಪಾ. ಮಹಡಿಯ ಮೇಲೆ ಮನೆ, ಕಿಟಕಿಯ ಹತ್ತಿರ ಒಂದು ಕುಂಡ ಇದೆ. ನಿನ್ನ ಸನಿಕೆ ಕಟ್ಟಿಕೊಂಡು ನಾನೇನು ಮಾಡಲಿ?' ಎಂದರು. ಎಲ್ಲರೂ ನಕ್ಕರು, ನಾನೂ. ಕುಂಡದಲ್ಲಿ ಏನಿದೆ ಅಜ್ಜಿ ಎಂದು ಕೇಳಿದೆ. 'ಗುಲಾಬಿ. ಎರಡು ವರ್ಷದಿಂದ ಒಂದು ಮೊಗ್ಗೂ ಇಲ್ಲ. ಕಿತ್ತು ಹಾಕು ಎಂದು ಸೊಸೆ ಹೇಳುತ್ತಾಳೆ.'

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ ನೆನಪಾಯಿತು. ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರವನ್ನು ಕಡಿದುಹಾಕು ಎನ್ನುತ್ತಾನೆ ಯಜಮಾನ. ಸ್ವಾಮೀ, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟದ ಆಳು ಬೇಡಿಕೊಳ್ಳುತ್ತಾನೆ. ಆ ಮರ ಮರುವರ್ಷ ಹಣ್ಣು ಬಿಟ್ಟಿತೇ? ಯೇಸು ಹೇಳಲಿಲ್ಲ, ಲೂಕನೂ ಬರೆಯಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅಜ್ಜಿಯೇ, 'ನಾನೂ ಸೊಸೆಗೆ ಅದನ್ನೇ ಹೇಳಿದೆ, ಈ ವರ್ಷ ಇರಲಿ ಬಿಡು ಅಂತ' ಎಂದು ಕೂತುಬಿಟ್ಟರು.

ಹೊರಡುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ಸಿಕ್ಕಿ, 'ಅಂಕಲ್, ಕೊನೆಗೆ ಜೇಕು ಪೂರ್ತಿ ಹೋಯಿತಾ?' ಎಂದು ಕೇಳಿದ.

ಇಲ್ಲ ಮಗಾ ಎಂದೆ. ಮಧ್ಯಾಹ್ನ ಒಳ್ಳೆ ಮಳೆಯಾಗಿದೆ, ಮಣ್ಣು ಸಡಿಲ ಇರುತ್ತದೆ, ಗಡ್ಡೆ ಸಮೇತ ಬರಬಹುದು. ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತೇನೆ, ಬರುತ್ತೀಯಾ?